ಅಧ್ಯಕ್ಷತೆ: ಸೊಳ್ಳೆ

ಹೋದ ವರ್ಷ ಚೆನ್ನೈಯಿಂದ ಒಂದು ಆಹ್ವಾನ ಬಂತು. ‘ದಕ್ಷಿಣ ಏಷ್ಯಾದ ಪ್ರಾದೇಶಿಕ ರಾಜಕಾರಣ, ಸಮಾಜ ಹಾಗೂ ಭದ್ರತೆಯ ಸವಾಲುಗಳು: ಒಂದು ವಿದ್ವತ್ ಸಂವಾದ’. ಹೆಸರನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಹೆಂಡತಿಯ ದೋಸೆ ಒಂದು ಮಗ್ಗುಲು ಬೆಂದಿತ್ತು. ಇಷ್ಟು ದೊಡ್ಡ ವಿಷಯಕ್ಕೆ ನನ್ನ ಪಾಲಿಗೆ ಸಿಕ್ಕಿದ್ದು 12 ನಿಮಿಷ. ಹತ್ತನೆಯ ನಿಮಿಷಕ್ಕೆ ಒಂದು ಗಂಟೆ ಬಾರಿಸುತ್ತಾರೆ, ಹನ್ನೆರಡಕ್ಕೆ ಎರಡು. ಆಮೇಲೂ ಮಾತಾಡಿದರೆ ಅಧ್ಯಕ್ಷರು ಚೀಟಿ ಕಳಿಸುತ್ತಾರೆ. ಚೀಟಿಗೂ ಬಗ್ಗದವರನ್ನು ಮುಂದಿನ ವರ್ಷ ಕರೆಯುವುದಿಲ್ಲ. ನಾನು ಹನ್ನೊಂದು ನಿಮಿಷಕ್ಕೇ ಮುಗಿಸುವವನಾದ್ದರಿಂದ ಕರೆಯುತ್ತಲೇ ಇರುತ್ತಾರೆ. ವಿದ್ವತ್ತಿನಲ್ಲಿ ನನಗಿರುವ ಏಕೈಕ ಕೀರ್ತಿ ಇದು.

ಹೋಟೆಲಿನ ಆ ಹಾಲಿನಲ್ಲಿ ಎಲ್ಲವೂ ಇತ್ತು. ಕತ್ತಿಗೆ ಬಿಲ್ಲೆ, ಮುಂದೆ ನೀರಿನ ಬಾಟಲಿ, ಶಾಲು ಬೇಕೆನಿಸುವಷ್ಟು ತಣ್ಣನೆಯ ಗಾಳಿ. ಮೂರನೆಯ ಸಾಲಿನಲ್ಲಿ ಒಬ್ಬರು ಎದ್ದು ‘ಇದು ಪ್ರಶ್ನೆಯಲ್ಲ, ಒಂದು ಅನಿಸಿಕೆ’ ಎಂದು ಶುರುಮಾಡಿ ಎಂಟು ನಿಮಿಷ ತೆಗೆದುಕೊಂಡರು. ‘ತಾವು ಕೇಳಿದ್ದು ಬಹಳ ಮಹತ್ವದ ಪ್ರಶ್ನೆ’ ಎಂದ ಭಾಷಣಕಾರರು ಅದಕ್ಕೆ ಉತ್ತರ ಕೊಡದೆ ಮುಂದೆ ಹೋದರು. ಸಮುದ್ರ ಗಡಿ, ಮೀನುಗಾರರು, ನಿರಾಶ್ರಿತರು, ನದಿ ನೀರು, ಎಲ್ಲದಕ್ಕೂ ಒಂದೊಂದು ಸ್ಲೈಡು. ಆದರೂ ಬೆಳಗ್ಗಿನಿಂದ ಏನೋ ಒಂದು ಕೊರತೆ ನನ್ನನ್ನು ಕಾಡುತ್ತಿತ್ತು. ಮಧ್ಯಾಹ್ನ ಊಟಕ್ಕೆ ತಟ್ಟೆ ಹಿಡಿದು ನಿಂತಾಗ ಹೊಳೆಯಿತು. ಇಡೀ ಹಾಲಿನಲ್ಲಿ ಒಂದೇ ಒಂದು ಸೊಳ್ಳೆ ಇರಲಿಲ್ಲ.

ನನ್ನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಪ್ರಾದೇಶಿಕ ರಾಜಕಾರಣ, ಸಮಾಜ, ಭದ್ರತೆ ಈ ಮೂರನ್ನೂ ನಾನು ಕಲಿತದ್ದು ವೆಸ್ಟ್ ಮಾಂಬಲಂನ ಒಂದು ಜಗಲಿಯಲ್ಲಿ, ಮೊಣಕಾಲು ಕೆರೆದುಕೊಳ್ಳುತ್ತ.

1990ರ ಜುಲೈಯಲ್ಲಿ ಸುಳ್ಯದಿಂದ ಒಂದು ಟ್ರಂಕು, ಒಂದು ಭರಣಿ ಮಿಡಿ ಉಪ್ಪಿನಕಾಯಿ ಹೊತ್ತು ನಾನು ಮದರಾಸಿಗೆ ಹೋದೆ. ಪಿಎಚ್.ಡಿ. ಮಾಡುವ ಹುಚ್ಚು. ಸೋದರಮಾವ ಏಜೀಸ್ ಆಫೀಸಿನಿಂದ ಆಗತಾನೆ ನಿವೃತ್ತರಾಗಿ ವೆಸ್ಟ್ ಮಾಂಬಲಂನಲ್ಲಿದ್ದರು. ಮೊದಲ ದಿನವೇ ಅವರು ನನ್ನನ್ನು ಆರ್ಯಗೌಡ ರಸ್ತೆಯ ಬೋರ್ಡಿನ ಕೆಳಗೆ ನಿಲ್ಲಿಸಿ, ‘ಓದು’ ಎಂದರು. ಓದಿದೆ. ‘ಗೌಡ ಅಂತಿದೆಯೋ ಇಲ್ವೋ? ನೀಲಗಿರಿಯ ಬಡಗರ ಮುಖಂಡ ರಾವ್ ಬಹಾದ್ದೂರ್ ಆರಿ ಗೌಡರ ಹೆಸರು ಇದು. ಬಡಗ ಅಂದರೆ ಬಡಗಣ ದಿಕ್ಕಿನವರು, ಅಂದರೆ ನಮ್ಮ ಕಡೆಯಿಂದ ಬೆಟ್ಟ ಹತ್ತಿದವರು. ಅವರ ಮಾತು ಕೇಳಿದರೆ ಅರ್ಧಕ್ಕರ್ಧ ನಿನಗೆ ಅರ್ಥವಾಗುತ್ತೆ. ಯಾರಾದರೂ ನಿನ್ನನ್ನು ಹೊರಗಿನವನು ಅಂದರೆ ಈ ಬೋರ್ಡು ತೋರಿಸು.’ ಮೂವತ್ತು ವರ್ಷ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿದ ಮಾವ ತಮ್ಮ ಊರಿನ ಲೆಕ್ಕವನ್ನು ಹೀಗೆ ಪಕ್ಕಾ ಇಟ್ಟುಕೊಂಡಿದ್ದರು.

ರೈಲು ಹಳಿಯ ಆ ಕಡೆ ಟಿ. ನಗರ: ರಂಗನಾಥನ್ ಬೀದಿ, ರೇಷ್ಮೆ, ಚಿನ್ನ, ನೂಕುನುಗ್ಗಲು. ಈ ಕಡೆ ನಾವು: ಅಯೋಧ್ಯಾ ಮಂಟಪದ ಉಪನ್ಯಾಸ, ಹಪ್ಪಳದ ಅಂಗಡಿ, ಕಾಫಿಬೀಜ ಹುರಿಯುವ ಹೊಗೆ, ಪಿಂಚಣಿ. ಲೇಕ್ ವ್ಯೂ ರಸ್ತೆ ಎಂದೊಂದಿತ್ತು. ಅಲ್ಲಿ ಲೇಕೂ ಇಲ್ಲ, ವ್ಯೂವೂ ಇಲ್ಲ. 1920ರ ದಶಕದಲ್ಲಿ ಟಿ. ನಗರ ಕಟ್ಟುವಾಗ ಹಳೆಯ ದೊಡ್ಡ ಕೆರೆಯನ್ನು ಬರಿದು ಮಾಡಿ ಮನೆ ಎಬ್ಬಿಸಿದರು. ಕೆರೆ ಹೋಯಿತು, ಕೆರೆಯ ಹೆಸರು ಉಳಿಯಿತು, ಕೆರೆಯ ಸೊಳ್ಳೆಗಳೂ ಉಳಿದವು ಎಂದು ಮಾವ ಹೇಳುತ್ತಿದ್ದರು.

ಮಾಂಬಲಂ ಸೊಳ್ಳೆ ಎಂದರೆ ಮದರಾಸಿಗೆಲ್ಲ ಪ್ರಸಿದ್ಧ. ಹಿಂದೆ ಅಲ್ಲಿ ಆನೆಕಾಲು ರೋಗ ಎಷ್ಟು ಹಬ್ಬಿತ್ತೆಂದರೆ ವೆಸ್ಟ್ ಮಾಂಬಲಂನ ವರ ಎಂದರೆ ಹೆಣ್ಣಿನ ಕಡೆಯವರು ಮೊದಲು ಜಾತಕ ಕೇಳುತ್ತಿರಲಿಲ್ಲವಂತೆ, ಪಂಚೆ ಸ್ವಲ್ಪ ಮೇಲೆತ್ತಿ ಎನ್ನುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ರೋಗ ತಗ್ಗಿತ್ತು, ಸೊಳ್ಳೆ ತಗ್ಗಿರಲಿಲ್ಲ. ಸಂಜೆ ಆರೂಮುಕ್ಕಾಲಿಗೆ ಅವು ಬರುತ್ತಿದ್ದವು. ಮೀಟರ್ ಗೇಜಿನ ಲೋಕಲ್ ರೈಲು ತಪ್ಪಬಹುದು, ಸೊಳ್ಳೆಗಳ ಹೊತ್ತು ತಪ್ಪುತ್ತಿರಲಿಲ್ಲ.

ಮಾವನ ಜಗಲಿಯ ವಿಚಾರಗೋಷ್ಠಿ ಐದು ಗಂಟೆಗೆ ಶುರು. ಕಾಯಂ ಸದಸ್ಯರು ನಾಲ್ವರು. ವೆಸ್ಟ್ ಮಾಂಬಲಂನಲ್ಲಿ ಹಾಲಿನವನಿಂದ ಹೈಕೋರ್ಟು ವಕೀಲರವರೆಗೆ ಎಲ್ಲರೂ ‘ಮಾಮ’ಗಳೇ ಆದ್ದರಿಂದ ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಲು ಊರನ್ನೋ ಉದ್ಯೋಗವನ್ನೋ ಸೇರಿಸುತ್ತಿದ್ದರು. ನಮ್ಮ ಮಾವ ‘ಮೈಸೂರು ಮಾಮ’. ಅವರಿಗೆ ಮೈಸೂರಿನ ಸಂಬಂಧ ದಸರಾಕ್ಕೆ ಎರಡು ಸಲ ಹೋದದ್ದು ಬಿಟ್ಟರೆ ಏನೂ ಇರಲಿಲ್ಲ. ಆದರೆ ಮದರಾಸಿನ ಭೂಪಟದಲ್ಲಿ ಹೊಸೂರಿನಾಚೆ ಇದ್ದದ್ದೆಲ್ಲ ಮೈಸೂರೇ. ಎದುರು ಮನೆಯವರು ಮನ್ನಾರ್‌ಗುಡಿ ಮಾಮ, ತಂಜಾವೂರು ಸೀಮೆಯಲ್ಲಿ ಹನ್ನೆರಡು ಎಕರೆ ಗದ್ದೆಯ ಧಣಿ. ಮೂಲೆ ಮನೆಯವರು ರೈಲ್ವೆ ಮಾಮ. ಮೇಲಿನ ಮಹಡಿಯ ಬಾಡಿಗೆದಾರರು ಮಾತ್ರ ಮಾಮ ಆಗಿರಲಿಲ್ಲ, ಅವರು ‘ವಾದ್ಯಾರ್’, ಮೇಷ್ಟ್ರು. ಯಾಳ್ಪಾಣದಲ್ಲಿ, ಅಂದರೆ ಜಾಫ್ನಾದಲ್ಲಿ, ಶಾಲೆಯಲ್ಲಿ ತಮಿಳು ಕಲಿಸುತ್ತಿದ್ದವರು, 1983ರ ಜುಲೈ ಗಲಭೆಯಾದ ಮೇಲೆ ಬಂದವರು. ಅವರ ತಮಿಳು ಎಷ್ಟು ಶುದ್ಧವಾಗಿತ್ತೆಂದರೆ ರೈಲ್ವೆ ಮಾಮನಿಗೆ ಅರ್ಧ ತಿಳಿಯುತ್ತಿರಲಿಲ್ಲ.

ಗೋಷ್ಠಿಗೆ ವಿಷಯದ ಬರ ಇರಲಿಲ್ಲ. ಆ ವರ್ಷ ಮಾರ್ಚ್ 24ಕ್ಕಷ್ಟೆ ಶ್ರೀಲಂಕಾದಿಂದ ಭಾರತದ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ಹಡಗೇರಿ ಬಂದಿತ್ತು. ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಿರಲಿಲ್ಲ. ಹೋಗದ್ದು ಸರಿಯೇ ತಪ್ಪೇ ಎಂಬುದರ ಮೇಲೆ ನಾನು ಬರುವ ಮುಂಚೆಯೇ ನಾಲ್ಕು ತಿಂಗಳ ವಾದ ನಡೆದಿತ್ತು, ನಾನು ಬಂದ ಮೇಲೂ ಆರು ತಿಂಗಳು ನಡೆಯಿತು. ಅದರ ನಡುವೆ ಕಚ್ಚತೀವು. 1974ರಲ್ಲಿ ಇಂದಿರಾ ಗಾಂಧಿ ಶ್ರೀಲಂಕಾದ ಪ್ರಧಾನಿ ಸಿರಿಮಾವೊ ಅವರಿಗೆ ಒಪ್ಪಿಸಿದ ದ್ವೀಪ. 285 ಎಕರೆ, ಒಂದು ಚರ್ಚು, ಕುಡಿಯಲು ತೊಟ್ಟು ನೀರಿಲ್ಲ. ‘ನಮ್ಮ ಕಡೆ ಒಂದು ಒಳ್ಳೆಯ ಕಾಫಿ ತೋಟ ಇಷ್ಟಿರುತ್ತೆ’ ಎಂದು ನಾನು ಅಂದದ್ದೇ ತಪ್ಪಾಯಿತು. ‘ಹಾಗಾದರೆ ನಿನ್ನ ತೋಟ ಕೊಟ್ಟುಬಿಡು’ ಎಂದರು ಮನ್ನಾರ್‌ಗುಡಿ ಮಾಮ. ಪ್ರಾದೇಶಿಕ ಅಖಂಡತೆಯ ಬಗ್ಗೆ ಇಷ್ಟು ಚುಟುಕಾದ ವ್ಯಾಖ್ಯಾನವನ್ನು ಆಮೇಲೆ ಯಾವ ಗ್ರಂಥದಲ್ಲೂ ಓದಲಿಲ್ಲ.

ರೈಲ್ವೆ ಮಾಮ ಪ್ರತ್ಯಕ್ಷದರ್ಶಿ ವಿಭಾಗದವರು. 1982ರ ಮೇ 19ರಂದು ಹಳಿಯಾಚೆಯ ಪಾಂಡಿ ಬಜಾರಿನಲ್ಲಿ ಈಳಂ ಹೋರಾಟದ ಮುಖಂಡರಾದ ಪ್ರಭಾಕರನ್, ಉಮಾ ಮಹೇಶ್ವರನ್ ಎದುರಾಗಿ ಪಿಸ್ತೂಲು ತೆಗೆದು ಗುಂಡು ಹಾರಿಸಿಕೊಂಡರಲ್ಲ, ಆಗ ತಾವು ಹತ್ತೇ ಹೆಜ್ಜೆ ದೂರದಲ್ಲಿ ಬನಿಯನ್ ಕೊಳ್ಳುತ್ತಿದ್ದುದಾಗಿ ಹೇಳುತ್ತಿದ್ದರು. ವಾರಕ್ಕೊಮ್ಮೆ ಈ ದೂರ ಒಂದು ಹೆಜ್ಜೆ ಕಡಿಮೆಯಾಗುತ್ತಿತ್ತು. ಅಂದು ಸಂಜೆ ಪಾಂಡಿ ಬಜಾರಿನಲ್ಲಿದ್ದೆವೆಂದು ವೆಸ್ಟ್ ಮಾಂಬಲಂನಲ್ಲಿ ಹೇಳಿಕೊಳ್ಳುವವರೆಲ್ಲ ನಿಜವಾಗಿ ಅಲ್ಲಿದ್ದಿದ್ದರೆ ಆ ಇಬ್ಬರಿಗೂ ಜೇಬಿನಿಂದ ಕೈ ತೆಗೆಯಲು ಜಾಗ ಸಿಗುತ್ತಿರಲಿಲ್ಲ.

ಆರೂವರೆಯ ಹೊತ್ತಿಗೆ ವಾದ ಕಾವೇರುತ್ತಿತ್ತು. ಮನ್ನಾರ್‌ಗುಡಿ ಮಾಮ ತೊಡೆ ತಟ್ಟುತ್ತಿದ್ದರು. ಮಾವ ಮೂಗಿನ ತುದಿಗೆ ಕನ್ನಡಕ ಇಳಿಸುತ್ತಿದ್ದರು, ಅದು ಏಜೀಸ್ ಆಫೀಸಿನಲ್ಲಿ ಆಕ್ಷೇಪಣೆ ಬರೆಯುವ ಮುಂಚಿನ ಲಕ್ಷಣ. ಇನ್ನೇನು ಒಂದು ಮಾತು ಆಡಬಾರದ್ದು ಆಡಿಬಿಡುತ್ತಾರೆ ಎನ್ನುವಾಗ ಆರೂಮುಕ್ಕಾಲು. ಮೊದಲು ಕಿವಿಯ ಹತ್ತಿರ ಸಣ್ಣ ತಂಬೂರಿ ಶ್ರುತಿ. ಆಮೇಲೆ ತೊಡೆ ತಟ್ಟುತ್ತಿದ್ದ ಕೈ ಮೊಣಕಾಲು ತಟ್ಟುತ್ತಿತ್ತು. ‘ಸರಿ, ನಾಳೈಕ್ಕು ಪಾರ್ಕಲಾಂ’ ಎಂದು ಒಬ್ಬೊಬ್ಬರೇ ಏಳುತ್ತಿದ್ದರು. ಅತ್ತೆ ಒಳಗಿನಿಂದ ಸಾಂಬ್ರಾಣಿ ಹಿಡಿದು ಬರುತ್ತಿದ್ದಳು. ಕಚ್ಚತೀವು ಯಾರದೆಂದು ತೀರ್ಮಾನವಾಗದೆ ಮರುದಿನಕ್ಕೆ ಮುಂದೂಡಲ್ಪಡುತ್ತಿತ್ತು.

ಒಂದು ದಿನ ನನ್ನ ಮೊದಲ ಪ್ರಬಂಧವನ್ನು ಜಗಲಿಯಲ್ಲಿ ಓದಿದೆ. ಭದ್ರತೆ ಎಂದರೆ ಬರೀ ಸೈನ್ಯ, ಗಡಿ ಅಲ್ಲ. ಜನರ ಆರೋಗ್ಯ, ನೀರು, ಅನ್ನವೂ ಭದ್ರತೆಯೇ ಎಂಬ ಹೊಸ ವಿಚಾರವನ್ನು ಎಲ್ಲಿಂದಲೋ ಹೆಕ್ಕಿ ತುಂಬಿದ್ದೆ. ನಾಲ್ವರೂ ಗಂಭೀರವಾಗಿ ಕೇಳಿದರು. ಕೊನೆಗೆ ಮಾವ ಒಂದೇ ಪ್ರಶ್ನೆ ಹಾಕಿದರು: ‘ಸೊಳ್ಳೆ ಎಲ್ಲಿ?’ ನಾನು ಕಣ್ಣುಕಣ್ಣು ಬಿಟ್ಟೆ. ‘ಜನರ ಆರೋಗ್ಯ ಅಂತ ಬರೆದಿದ್ದೀಯ. ವೆಸ್ಟ್ ಮಾಂಬಲಂನಲ್ಲಿ ಕೂತು ಬರೆದು, ಮೂವತ್ತು ಪುಟದಲ್ಲಿ ಒಂದು ಸೊಳ್ಳೆ ಇಲ್ಲ ಅಂದರೆ ನೀನು ಬೇರೆ ಯಾವುದೋ ಊರಿನ ಭದ್ರತೆ ಬರೆದಿದ್ದೀಯ.’ ಆಮೇಲೆ ಮನ್ನಾರ್‌ಗುಡಿ ಮಾಮನ ಕಡೆ ತಿರುಗಿ, ಸೊಳ್ಳೆಯ ವಿಷಯದಲ್ಲೂ ಕನ್ನಡನಾಡೇ ಮುಂದು, ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗಲೇ ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆಂದು ಕಂಡುಕೊಂಡ ಎಂದರು. ಮನ್ನಾರ್‌ಗುಡಿ ಮಾಮ ತಡಮಾಡಲಿಲ್ಲ: ‘ನೀರು ಬಿಟ್ಟರೆ ಒಳ್ಳೆಯದಾಗುತ್ತದೆ ಅಂತ ಬೆಂಗಳೂರಿನಲ್ಲೇ ಕಂಡುಹಿಡಿದಿದ್ದಾರೆ. ಆದರೂ ಬಿಡುವುದಿಲ್ಲ.’

ವಾದ್ಯಾರ್ ಮಾತ್ರ ಹೆಚ್ಚು ಮಾತಾಡುತ್ತಿರಲಿಲ್ಲ. ಅವರ ದೇಶದ ಬಗ್ಗೆ ಮೂವರು ಜಗಳವಾಡುತ್ತಿರುವಾಗ ಅವರು ಬೀದಿಯ ನಾಯಿಯನ್ನು ನೋಡುತ್ತ ಕೂತಿರುತ್ತಿದ್ದರು. ಅವರನ್ನು ಮಾತಾಡಿಸಿದ್ದು ನನ್ನ ಅಜ್ಞಾನ. ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ‘ಸಿಲೋನಿನವರು’ ಎಂದೇ ಕರೆಸಿಕೊಳ್ಳುವ ಸಾವಿರಾರು ಜನ ಇದ್ದಾರೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಲ್ಲಿ ಐದು ಲಕ್ಷದ 25 ಸಾವಿರ ಮಂದಿಯನ್ನು ಭಾರತಕ್ಕೆ ವಾಪಸು ಕರೆಸಿಕೊಳ್ಳುವುದೆಂದು ಬರೆದುಕೊಂಡಿದ್ದರಲ್ಲ, ಅದರಲ್ಲಿ ಬಂದವರು. ನನ್ನ ಶಾಲೆಯ ಬೆಂಚಿನಲ್ಲಿ ಕೂತವರು. ಅವರು ತಮಿಳಿನಲ್ಲಿ ಜಗಳವಾಡಿ ತುಳುವಿನಲ್ಲಿ ರಾಜಿಯಾಗುತ್ತಿದ್ದರು. ‘ನೀವೂ ಅವರೂ ಒಂದೇ ಊರಿನವರು ಅಲ್ಲವೆ ವಾದ್ಯಾರ್?’ ಎಂದು ಕೇಳಿಬಿಟ್ಟೆ.

ವಾದ್ಯಾರ್ ಬಹಳ ಹೊತ್ತು ಸುಮ್ಮನಿದ್ದರು. ‘ತಂಬೀ’ ಎಂದರು ಆಮೇಲೆ, ‘ಅವರು ಬೆಟ್ಟದವರು, ಟೀ ತೋಟದ ಕೂಲಿಗಳು. ನಾವು ಯಾಳ್ಪಾಣದವರು, ಓದಿದವರು. 1948ರಲ್ಲಿ ಅವರ ಪೌರತ್ವ ಕಿತ್ತುಕೊಂಡಾಗ ನಮ್ಮಲ್ಲಿ ಎಷ್ಟೋ ಜನ ಅದು ಬೇರೆಯವರ ಮನೆಯ ಬೆಂಕಿ ಎಂದುಕೊಂಡೆವು.’ ಅವರು ಅಷ್ಟೇ ಹೇಳಿದ್ದು. ನಾನು ಆಮೇಲೆ ಸಿಲೋನಿನ ಪೌರತ್ವದ ಮೇಲೆ ಬರೆದ ಅಧ್ಯಾಯ ಐವತ್ತು ಪುಟದ್ದು. ಅದರ ಅಡಿಟಿಪ್ಪಣಿಗಳಲ್ಲಿ ಎಲ್ಲ ಇದೆ, ಆ ‘ಎಂದುಕೊಂಡೆವು’ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ನವೆಂಬರ್ 12ರ ಸೋಮವಾರ, ಅವರು ಮಹಡಿಯಿಂದ ಇಳಿಯುವಾಗ ಒಂದು ಪುಸ್ತಕ ತಂದರು. ತಮಿಳು ವ್ಯಾಕರಣದ್ದು, ಬೆನ್ನಿನ ಬಟ್ಟೆ ಸವೆದಿತ್ತು. ಮೊದಲ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ನೇರಳೆ ಶಾಯಿಯ ತಾರೀಖುಗಳ ಸಾಲು. ಕೊನೆಯದು 12 ಜೂನ್ 1981, ಪುಸ್ತಕ ಹಿಂದಿರುಗಿಸಬೇಕಾದ ದಿನ. ‘ಯಾಳ್ಪಾಣದ ಪಬ್ಲಿಕ್ ಲೈಬ್ರರಿಯದು’ ಎಂದರು. ‘ಇನ್ನೂ ವಾಪಸು ಕೊಟ್ಟಿಲ್ಲವೆ?’ ಮಾವನಲ್ಲಿದ್ದ ಏಜೀಸ್ ಆಫೀಸು ಎದ್ದು ಕೂತಿತು. ಜೇಬಿನಿಂದ ಪೆನ್ನು ತೆಗೆದರು. ‘ದಿನಕ್ಕೆ ಐದು ಸೆಂಟ್ಸ್ ದಂಡ ಅಂತಿಟ್ಟುಕೊಳ್ಳಿ. ಇವತ್ತಿಗೆ 3,440 ದಿನ. ನೂರಾ ಎಪ್ಪತ್ತೆರಡು ರೂಪಾಯಿ. ಸಿಲೋನ್ ರೂಪಾಯಿ.’ ರೈಲ್ವೆ ಮಾಮ ಬಿದ್ದು ಬಿದ್ದು ನಕ್ಕರು. ವಾದ್ಯಾರೂ ನಕ್ಕರು. ನಗುತ್ತಲೇ, ‘ಕೊಡಬಹುದಿತ್ತು, ಕೊಡಲು ಲೈಬ್ರರಿ ಇಲ್ಲ’ ಎಂದರು. 1981ರ ಮೇ 31ರ ರಾತ್ರಿ ಅದಕ್ಕೆ ಬೆಂಕಿ ಇಟ್ಟಿದ್ದರು. ಸುಮಾರು 97 ಸಾವಿರ ಪುಸ್ತಕಗಳು ಸುಟ್ಟವು. ಅದಕ್ಕೆ ಎರಡು ದಿನ ಮುಂಚೆ ಶುಕ್ರವಾರ ವಾದ್ಯಾರ್ ಎರವಲು ತಂದ ಕಾರಣಕ್ಕೆ ಇದೊಂದು ಉಳಿದಿತ್ತು.

ಮಾವ ಲೆಕ್ಕ ಬರೆದ ಚೀಟಿಯನ್ನು ಮಡಚಿದರು, ಇನ್ನೊಮ್ಮೆ ಮಡಚಿದರು, ಎಲ್ಲಿ ಎಸೆಯುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಅಂದು ಸೊಳ್ಳೆ ಬರುವ ಮುಂಚೆಯೇ ಎಲ್ಲರೂ ಎದ್ದೆವು.

1991 ಬಂತು. ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಮರುದಿನದಿಂದ ವಾದ್ಯಾರ್ ಜಗಲಿಗೆ ಬರುವುದನ್ನು ನಿಲ್ಲಿಸಿದರು. ಬಾಯಿ ತೆರೆದರೆ ಯಾಳ್ಪಾಣದ ತಮಿಳು, ಆ ದಿನಗಳಲ್ಲಿ ಅದೇ ಒಂದು ಅಪರಾಧದಂತಿತ್ತು. ಪೊಲೀಸರು ಎರಡು ಸಲ ಬಂದು ಕಾಗದಪತ್ರ ನೋಡಿದರು. ಎರಡೂ ಸಲ ಮಾವ ಮಹಡಿ ಹತ್ತಿ ಜೊತೆಗೆ ನಿಂತರು. ಆಗಸ್ಟ್ 20ರಂದು ಆ ಹತ್ಯೆಯ ಸಂಚುಗಾರ ಶಿವರಾಸನ್ ಬೆಂಗಳೂರಿನ ಕೋಣನಕುಂಟೆಯಲ್ಲಿ ಸತ್ತ ಸುದ್ದಿ ಬಂದಾಗ ರೈಲ್ವೆ ಮಾಮ ಭೂಗೋಳದಲ್ಲಿ ದಾರಿ ತಪ್ಪಿದರು. ‘ಪಾಂಡಿ ಬಜಾರು, ಯಾಳ್ಪಾಣ, ಈಗ ಕೋಣನಕುಂಟೆ. ತಂಬೀ, ನೀನು ಪ್ರಾದೇಶಿಕ ಪ್ರಾದೇಶಿಕ ಅಂತ ಬರೆಯುತ್ತೀಯಲ್ಲ, ಆ ಪ್ರದೇಶ ಎಲ್ಲಿಂದ ಎಲ್ಲಿಯವರೆಗೆ?’ ನನಗೆ ಇವತ್ತಿಗೂ ಗೊತ್ತಿಲ್ಲ. ಆಹ್ವಾನ ಪತ್ರಿಕೆಗಳಲ್ಲಿ ಅದನ್ನು ಹೇಳುವುದಿಲ್ಲ.

ಈ ನಡುವೆ ಜೂನ್ 25ಕ್ಕೆ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಬಂದು, ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದಿತ್ತು. ಜಗಲಿಗೆ ಹೊಸ ಜೀವ ಬಂತು. ಮನ್ನಾರ್‌ಗುಡಿ ಮಾಮ 1924ರ ಒಪ್ಪಂದದಿಂದ ಶುರುಮಾಡಿದರೆ ಮಾವ 1892ಕ್ಕೆ ಹೋಗುತ್ತಿದ್ದರು. ಒಬ್ಬರು ಕುರುವೈ ಭತ್ತದ ಬೆಳೆ ಒಣಗಿದ್ದನ್ನು ಹೇಳಿದರೆ ಇನ್ನೊಬ್ಬರು ಮಂಡ್ಯದ ಕಬ್ಬು ಒಣಗಿದ್ದನ್ನು ಹೇಳುತ್ತಿದ್ದರು. ಮಾವ ಜೀವಮಾನದಲ್ಲಿ ಮಂಡ್ಯದಲ್ಲಿ ಇಳಿದವರಲ್ಲ, ರೈಲಿನ ಕಿಟಕಿಯಿಂದ ಕಬ್ಬು ಕಂಡವರು. ಆದರೂ ಅವರ ಕಂಠ ನಡುಗುತ್ತಿತ್ತು. ಅವರ ಕೊನೆಯ ಅಸ್ತ್ರ ಕೃಷ್ಣೆ: ‘1976ರಲ್ಲಿ ಮದರಾಸಿಗೆ ಕುಡಿಯುವ ನೀರಿಗೆ ಅಂತ ಕರ್ನಾಟಕ ತನ್ನ ಕೃಷ್ಣೆಯ ಪಾಲಿನಿಂದ ಐದು ಟಿಎಂಸಿ ಬರೆದುಕೊಟ್ಟಿದೆ. ಅದನ್ನು ಯಾಕೆ ಯಾರೂ ಹೇಳುವುದಿಲ್ಲ?’ ‘ಬಂದ ಮೇಲೆ ಹೇಳೋಣ’ ಎನ್ನುತ್ತಿದ್ದರು ಮನ್ನಾರ್‌ಗುಡಿ ಮಾಮ. ಅದು ಬಂದದ್ದು 1996ರಲ್ಲಿ. ಆಗ ಅವರು ಒಂದು ಲೋಟ ನೀರು ಹಿಡಿದು ಬೀದಿ ದಾಟಿ ಬಂದು, ‘ಈಗ ಹೇಳುತ್ತೇನೆ, ನಂದ್ರಿ’ ಎಂದರಂತೆ.

ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆ ತೀರ್ಪನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿತು. 12ರಿಂದ ಬೆಂಗಳೂರು ಹೊತ್ತಿ ಉರಿಯಿತು. ತಮಿಳರ ಮನೆ, ಅಂಗಡಿ, ಗುಡಿಸಲು. ಸತ್ತವರ ಲೆಕ್ಕವನ್ನು ರೇಡಿಯೋ ಒಂದು ಹೇಳಿತು, ಊರಿಂದ ಓಡಿ ಬಂದವರು ಇನ್ನೊಂದು ಹೇಳಿದರು. ಸೇಡಿಗೆ ಮದರಾಸಿನಲ್ಲೂ ಏನಾದರೂ ಆಗಬಹುದೆಂಬ ಮಾತು ಹಾಲಿನವನ ಜೊತೆ ಬೆಳಗ್ಗೆಯೇ ಬೀದಿಗೆ ಬಂತು. ಮಾವನ ಬಾಗಿಲಲ್ಲಿ ಹಿತ್ತಾಳೆಯ ನಾಮಫಲಕವಿತ್ತು. ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಅತ್ತೆ ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳಾಗಿ ಬೀದಿಯ ತುದಿಗೂ ಹೊಳೆಯುತ್ತಿತ್ತು. ‘ಎರಡು ದಿನ ತೆಗೆದಿಡಿ’ ಎಂದಳು. ‘ತೆಗೆಯೋಲ್ಲ’ ಎಂದರು ಮಾವ. ಹಾಗೆಂದವರು ಮಧ್ಯಾಹ್ನ ಗುಟ್ಟಾಗಿ ಸ್ಕ್ರೂಡ್ರೈವರ್ ಹುಡುಕುತ್ತಿದ್ದುದನ್ನು ನಾನು ನೋಡಿದೆ. ಸಿಗಲಿಲ್ಲ. ಅತ್ತೆಯೂ ಹುಡುಕಿ ಎಲ್ಲೋ ಎತ್ತಿಟ್ಟಿದ್ದಳೆಂದು ಕಾಣುತ್ತದೆ.

ಐದು ಗಂಟೆಗೆ ಮನ್ನಾರ್‌ಗುಡಿ ಮಾಮ ಬಂದರು. ದಿನಾ ಕೂರುವ ಜಾಗ ಬಿಟ್ಟು, ತಮ್ಮ ಮನೆಯ ಈಸಿಚೇರನ್ನು ಎತ್ತಿಸಿಕೊಂಡು ಬಂದು, ಬಾಗಿಲಿಗೆ ಅಡ್ಡವಾಗಿ, ನಾಮಫಲಕದ ಎದುರಿಗೇ ಹಾಕಿಕೊಂಡು ಕೂತರು. ರೈಲ್ವೆ ಮಾಮ ಟಾರ್ಚ್ ಹಿಡಿದು ಬಂದರು. ಏಳು ತಿಂಗಳ ಮೇಲೆ ವಾದ್ಯಾರ್ ಮಹಡಿಯಿಂದ ಇಳಿದು ಮೆಟ್ಟಿಲ ಮೇಲೆ ಕೂತರು. ಕಾವೇರಿ ಎಂಬ ಶಬ್ದ ಯಾರ ಬಾಯಿಂದಲೂ ಬರಲಿಲ್ಲ. ಮಾವಿನಕಾಯಿ ಉಪ್ಪಿನಕಾಯಿಗೆ ಎಳ್ಳೆಣ್ಣೆ ಕಾಯಿಸಿ ಹಾಕಬೇಕೋ ಹಸಿಯಾಗಿ ಹಾಕಬೇಕೋ ಎಂಬುದರ ಮೇಲೆ ಚರ್ಚೆಯಾಯಿತು. ಆರೂಮುಕ್ಕಾಲಾಯಿತು. ಶ್ರುತಿ ಹಿಡಿಯಿತು. ಯಾರೂ ಏಳಲಿಲ್ಲ.

‘ಮನೆಗೆ ಹೋಗೋಲ್ವೆ?’ ಎಂದರು ಮಾವ.

‘ಮನೆಯಲ್ಲಿ ಕರೆಂಟಿಲ್ಲ’ ಎಂದರು ಮನ್ನಾರ್‌ಗುಡಿ ಮಾಮ. ಎದುರು ಅವರ ಮನೆಯ ಟ್ಯೂಬ್‌ಲೈಟು ಬೀದಿಯೆಲ್ಲ ಬೆಳಗುತ್ತಿತ್ತು.

ಎಂಟಾಯಿತು, ಒಂಬತ್ತಾಯಿತು. ತಾಳೆಗರಿಯ ಬೀಸಣಿಗೆ ಕೈಯಿಂದ ಕೈಗೆ ಹೋಯಿತು. ರಾತ್ರಿ ಒಂಬತ್ತಕ್ಕೆ ಅತ್ತೆ ಮೂರನೆಯ ಸಲ ಕಾಫಿ ಮಾಡಿದಳು. ಆ ಮನೆಯ ಇತಿಹಾಸದಲ್ಲಿ ರಾತ್ರಿ ಕಾಫಿ ಅದೇ ಮೊದಲು. ಬೀದಿಯ ತುದಿಯಲ್ಲಿ ನಾಲ್ಕು ಹುಡುಗರ ಒಂದು ಗುಂಪು ನಿಂತು ನೋಡಿತು. ಮನ್ನಾರ್‌ಗುಡಿ ಮಾಮ ಅವರಲ್ಲೊಬ್ಬನನ್ನು ಹೆಸರು ಹಿಡಿದು ಕರೆದು, ‘ನಿನ್ನ ಅಪ್ಪನಿಗೆ ಮಂಡಿನೋವು ಹೇಗಿದೆ?’ ಎಂದು ವಿಚಾರಿಸಿದರು. ಹುಡುಗ ‘ಪರವಾಯಿಲ್ಲ ಮಾಮ’ ಎಂದು ತಲೆ ಕೆರೆದುಕೊಂಡು ಹೋದ. ಅವರು ಏನಾದರೂ ಮಾಡಲು ಬಂದವರೋ, ಸುಮ್ಮನೆ ಸಿನಿಮಾಕ್ಕೆ ಹೊರಟವರೋ ತಿಳಿಯಲಿಲ್ಲ. ಭದ್ರತಾ ಅಧ್ಯಯನದ ತೊಂದರೆಯೇ ಇದು, ಆಗದೆ ಹೋದದ್ದಕ್ಕೆ ಕಾರಣ ಏನೆಂದು ಯಾರೂ ಸಿದ್ಧಮಾಡಿ ತೋರಿಸಲಾರರು.

ಹನ್ನೊಂದಕ್ಕೆ ಎದ್ದರು. ಮರುದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ನಾಲ್ಕನೆಯ ದಿನ ಐದು ಗಂಟೆಗೆ ಮನ್ನಾರ್‌ಗುಡಿ ಮಾಮ ಈಸಿಚೇರು ಬಿಟ್ಟು ತಮ್ಮ ಹಳೆಯ ಜಾಗದಲ್ಲಿ ಕೂತು, ತೊಡೆ ತಟ್ಟಿ, ‘205 ಟಿಎಂಸಿ ಅಂದರೆ 205, ಒಂದು ಹನಿ ಕಡಿಮೆ ಒಪ್ಪೋಲ್ಲ’ ಎಂದರು. ಮಾವ ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಅತ್ತೆ ಒಳಗೆ ದೇವರಿಗೆ ಕೈ ಮುಗಿದಳು. ಆ ವಾರದ ಕೊನೆಗೆ ಮನ್ನಾರ್‌ಗುಡಿ ಮಾಮನಿಗೆ ಚಳಿಜ್ವರ ಬಂದು ಎಂಟು ದಿನ ಮಲಗಿದರು. ನಮ್ಮ ಬೀದಿಯಲ್ಲಿ ಕಾವೇರಿ ಗಲಭೆಯ ಏಕೈಕ ಸಂತ್ರಸ್ತರು ಅವರೇ. ‘ಮೈಸೂರು ಸೊಳ್ಳೆ’ ಎಂದು ಎಲ್ಲರ ಹತ್ತಿರವೂ ದೂರಿದರು.

ಜಗಲಿ ಮುಂದೆ ಬಹಳ ವರ್ಷ ಉಳಿಯಲಿಲ್ಲ. ವಾದ್ಯಾರ್ 1993ರಲ್ಲಿ ಕೆನಡಾದ ಮಗಳ ಮನೆಗೆ ಹೋದರು, ವ್ಯಾಕರಣದ ಪುಸ್ತಕ ಸಮೇತ. ಯಾಳ್ಪಾಣದ ಲೈಬ್ರರಿಯನ್ನು ಮತ್ತೆ ಕಟ್ಟಿದರೆಂದು ಓದಿದಾಗ ಆ ಪುಸ್ತಕ ಮನೆ ಸೇರಿತೋ ಇಲ್ಲವೋ ಎಂದು ಯೋಚಿಸಿದೆ. ನಾನೂ ಪದವಿ ಕಟ್ಟಿಕೊಂಡು ಊರು ಬಿಟ್ಟೆ. ವಿಚಾರಗೋಷ್ಠಿಗಳಿಗೆ ಚೆನ್ನೈಗೆ ಹೋದಾಗೆಲ್ಲ ದೊಡ್ಡವರ ಮಾತು ಕೇಳಿದ್ದೇನೆ. ಮದರಾಸು ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಅಧ್ಯಯನ ಕೇಂದ್ರ ಕಟ್ಟಿದ, ಕಚ್ಚತೀವು ಮತ್ತು ಮೀನುಗಾರರ ಮೇಲೆ ಪುಸ್ತಕವನ್ನೇ ಬರೆದ ವಿ. ಸೂರ್ಯನಾರಾಯಣ್, ಗುಪ್ತಚರ ಸೇವೆಯಿಂದ 1994ರಲ್ಲಿ ನಿವೃತ್ತರಾಗಿ ಚೆನ್ನೈಯಲ್ಲಿ ನೆಲೆಸಿ 2013ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದ ಬಿ. ರಾಮನ್. ಅಂಥವರಿಂದ ಕಲಿತದ್ದಕ್ಕೆ ಲೆಕ್ಕವಿಲ್ಲ. ಆದರೆ ಅವರ ಮಾತು ಕೇಳುವಾಗಲೂ ನನ್ನ ಬಲಗೈ ತಾನಾಗಿಯೇ ಮೊಣಕಾಲಿನ ಕಡೆ ಹೋಗುತ್ತಿತ್ತು.

2009ರ ಆಗಸ್ಟಿನಲ್ಲಿ ಮಾವನ ಫೋನು ಬಂತು. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಹದಿನೆಂಟು ವರ್ಷ ಮುಸುಕು ಹಾಕಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆಯನ್ನು 9ರಂದು ಅನಾವರಣ ಮಾಡಿದ್ದರು. 13ರಂದು ಚೆನ್ನೈಯ ಅಯನಾವರಂನಲ್ಲಿ ಸರ್ವಜ್ಞನ ಸರದಿ. ಎಂಬತ್ತರ ಅಂಚಿನ ಇಬ್ಬರು ಮಾಮಂದಿರು ಆಟೋ ಹಿಡಿದು ಸರ್ವಜ್ಞನನ್ನು ನೋಡಲು ಹೋಗಿದ್ದರಂತೆ. ‘ಪಾಪ, ನಮ್ಮ ವಳ್ಳುವರನ್ನು ಹದಿನೆಂಟು ವರ್ಷ ಸೊಳ್ಳೆಪರದೆಯೊಳಗೆ ನಿಲ್ಲಿಸಿದರಲ್ಲ’ ಎಂದು ಮನ್ನಾರ್‌ಗುಡಿ ಮಾಮ ದಾರಿಯುದ್ದಕ್ಕೂ ಹೇಳಿದರಂತೆ. ‘ನಮ್ಮವರು ಜೋಪಾನ ಮಾಡಿದ್ದು’ ಎಂದು ಮಾವ ಉತ್ತರ ಕೊಟ್ಟರಂತೆ. ಎರಡು ವರ್ಷ ಕಳೆಯುವುದರೊಳಗೆ ಇಬ್ಬರೂ ಹೋದರು, ಆರು ತಿಂಗಳ ಅಂತರದಲ್ಲಿ. ಯಾರು ಮೊದಲು ಎಂಬ ವಾದಕ್ಕೆ ಮಾತ್ರ ಅವಕಾಶವಾಗಲಿಲ್ಲ.

ಹೋದ ವರ್ಷದ ಆ ಗೋಷ್ಠಿ ಮುಗಿಸಿ ಸಂಜೆ ವೆಸ್ಟ್ ಮಾಂಬಲಂಗೆ ಹೋದೆ. ಟಿ. ನಗರದ ಬಸ್ ನಿಲ್ದಾಣದಿಂದ ಮಾಂಬಲಂ ಸ್ಟೇಷನ್ನಿಗೆ 2023ರಲ್ಲಿ ಆಕಾಶದಲ್ಲೇ ಕಾಲುದಾರಿ ಮಾಡಿದ್ದಾರೆ, ರಂಗನಾಥನ್ ಬೀದಿಯ ಬೆವರು ಮೈಗೆ ತಾಗದಂತೆ ದಾಟಬಹುದು. ಮಾವನ ಮನೆಯಿದ್ದಲ್ಲಿ ನಾಲ್ಕು ಮಹಡಿಯ ಫ್ಲಾಟು. ಜಗಲಿಯ ಜಾಗದಲ್ಲಿ ಸ್ಕೂಟರುಗಳು. ಮನ್ನಾರ್‌ಗುಡಿ ಮಾಮನ ಮೊಮ್ಮಗ ಎರಡನೆಯ ಮಹಡಿಯಲ್ಲಿದ್ದಾನೆ. ಕಾಫಿ ಕೊಟ್ಟ. ಬೀಜ ಚಿಕ್ಕಮಗಳೂರಿನದು ಎಂದ. ನೀರು ಎಲ್ಲಿಯದೆಂದು ನಾನು ಕೇಳಿದೆ. ಮೆಟ್ರೊ ವಾಟರ್ ಎಂದ. 2004ರಿಂದ ಚೆನ್ನೈಗೆ ವೀರಾಣಂ ಕೆರೆಯ ನೀರು ಬರುತ್ತಿದೆ, ವೀರಾಣಂಗೆ ಕೊಳ್ಳಿಡದಿಂದ, ಕೊಳ್ಳಿಡಕ್ಕೆ ಕಾವೇರಿಯಿಂದ. ಲೋಟದಲ್ಲಿ ಮಾವ, ಮನ್ನಾರ್‌ಗುಡಿ ಮಾಮ ಇಬ್ಬರೂ ಇದ್ದರು, ಒಬ್ಬರನ್ನು ಒಬ್ಬರಿಂದ ಬೇರ್ಪಡಿಸಲಾಗದಂತೆ.

‘ನಿಮ್ಮಲ್ಲಿ ಈಗ ಇಂಥ ಚರ್ಚೆ ನಡೆಯುತ್ತದೆಯೆ?’ ಎಂದೆ. ಅವನು ನಕ್ಕ. ಫ್ಲಾಟಿನವರಿಗೆಲ್ಲ ಫೋನಿನಲ್ಲಿ ಒಂದು ಗುಂಪಿದೆಯಂತೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಬಂದ್ ಆದಾಗ ಕಾವೇರಿಯ ಮೇಲೆ ಶುರುವಾದ ವಾದ ರಾತ್ರಿ ಎರಡರವರೆಗೆ ನಡೆಯಿತಂತೆ, ಮರುದಿನವೂ ನಡೆಯಿತಂತೆ. ಮೂರನೆಯ ಮಹಡಿಯ ಇಬ್ಬರು ಇವತ್ತಿಗೂ ಲಿಫ್ಟಿನಲ್ಲಿ ಮಾತಾಡುವುದಿಲ್ಲವಂತೆ. ಕಿಟಕಿಗಳಿಗೆಲ್ಲ ಜಾಲರಿ ಇತ್ತು. ಗೋಡೆಯ ಪ್ಲಗ್ಗಿನಲ್ಲಿ ಸೊಳ್ಳೆ ಓಡಿಸುವ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ಆರೂಮುಕ್ಕಾಲಾದರೂ ಏಳಿ ಎನ್ನುವವರು ಯಾರೂ ಇಲ್ಲ, ಪಾಪ, ಅವರಾದರೂ ಏನು ಮಾಡಿಯಾರು?

ಕೆಳಗಿಳಿದು ಸ್ಕೂಟರುಗಳ ನಡುವೆ, ಜಗಲಿ ಇಲ್ಲೇ ಇತ್ತು ಎಂದು ಅಂದಾಜು ಮಾಡಿದ ಜಾಗದಲ್ಲಿ ಒಂದು ನಿಮಿಷ ನಿಂತೆ. ಕಿವಿಯ ಹತ್ತಿರ ಸಣ್ಣಗೆ ಶ್ರುತಿ ಕೇಳಿಸಿತು. ಆಮೇಲೆ ಮೊಣಕೈ ಮೇಲೆ ಬಂದು ಕೂತಿತು. ಎಡಗೈ ಎತ್ತಿದವನು ಹಾಗೇ ತಡೆದೆ. ಎಷ್ಟಾದರೂ ನಮ್ಮ ಅಧ್ಯಕ್ಷರು. ಕಚ್ಚತೀವು, ಈಳಂ, ಕಾವೇರಿ ಎಂದು ಅಷ್ಟು ವರ್ಷ ಆ ಜಗಲಿಯಲ್ಲಿ ನಡೆದ ವಾದಗಳಲ್ಲಿ ಯಾರಾದರೂ ಪೆಟ್ಟು ತಿಂದಿದ್ದರೆ ಅದು ಅವರೊಬ್ಬರೇ.